ಸಹಿಯಿಲ್ಲದ ಡೈರೆಕ್ಟಿವ್

ಅರವತ್ತು ದಾಟಿದ ಮೇಲೆ ಈಜು ಕಲಿತ ಅಮ್ಮ, ಇಂದು ಸಂಜೆ ಎಲ್ಲರೆದುರು ಕೊಳದ ಈ ತುದಿಯಿಂದ ಆ ತುದಿಗೆ ಈಜುವವಳಿದ್ದಳು. "ಐದೂವರೆಗೆ ನೀನು ಅಲ್ಲಿರ್ಬೇಕು ಕಣೋ. ಈ ಸಲಾನೂ ಆಫೀಸು ಗೀಫೀಸು ಅಂದ್ರೆ ನೀರೊಳಗಿಂದಲೇ ಬೈತೀನಿ" ಎಂದು ಬೆಳಿಗ್ಗೆಯೇ ಮಗನನ್ನು ಎಚ್ಚರಿಸಿದ್ದಳು.

ತೊಂದರೆ ಶುರುವಾದದ್ದೇ ಅಲ್ಲಿ. ನೀರು ಸರಬರಾಜು ಕಚೇರಿಯಲ್ಲಿ ಅವನಿಗಿದ್ದ ಹೆಸರು 'ಆಗಲಿ ಸಾರ್'. ಯಾರು ಏನು ಹೊರಿಸಿದರೂ "ಆಗಲಿ" ಎನ್ನುವ ಪುಣ್ಯಾತ್ಮ! ನಾಲ್ಕು ಹೊಡೆದರೆ ಸಾಕು, ಮೀಟರ್ ವಿಭಾಗದವನಿಗೆ ತಲೆನೋವು, ಟೈಪಿಸ್ಟ್ ಮೇಡಂ ಮನೆಗೆ ನೆಂಟರು. ಇಬ್ಬರ ಫೈಲುಗಳೂ ಇವನ ಮೇಜಿಗೆ ಬಂದು ಬೀಳುತ್ತಿದ್ದವು.

ಇಂದು ಅವನು ಮನಸ್ಸು ಗಟ್ಟಿ ಮಾಡಿದ. ಬಾಯಿಬಿಟ್ಟು "ಆಗಲ್ಲ" ಎನ್ನುವಷ್ಟಲ್ಲ. ಯಾರೂ ಬರುವ ಮೊದಲೇ ಒಂದು ಹಾಳೆ ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಚುಚ್ಚುವಷ್ಟು. 'ಡೈರೆಕ್ಟಿವ್: ನಾಲ್ಕರ ನಂತರ ಯಾರೂ ತಮ್ಮ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸತಕ್ಕದ್ದಲ್ಲ.' ಡೈರೆಕ್ಟಿವ್ ಎಂಬ ಪದದ ಅರ್ಥ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೇಲಿನ ಕಚೇರಿಯಿಂದ ಅಂಥದ್ದೊಂದು ಬಂದಾಗ ಮ್ಯಾನೇಜರ್ ಕುರ್ಚಿಯಿಂದ ಎದ್ದು ನಿಂತು ಓದಿದ್ದನ್ನು ಕಂಡಿದ್ದ, ಅಷ್ಟೆ.

ಬೋರ್ಡಿನ ಮುಂದೆ ಗುಂಪು ಸೇರಿತು.

"ಡೈರೆಕ್ಟಿವ್ ಅಂದ್ರೆ ಸಲಹೆ ತಾನೇ?" ಎಂದ ಮೀಟರ್ ವಿಭಾಗದವನು.

"ಸಲಹೆ ಆಗಿದ್ರೆ ದಯವಿಟ್ಟು ಅಂತ ಇರ್ತಿತ್ತು" ಎಂದರು ಟೈಪಿಸ್ಟ್ ಮೇಡಂ.

"ಹಾಗಾದ್ರೆ ಆರ್ಡರಾ?"

ಹಿರಿಯ ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ಆರ್ಡರ್‌ಗೆ ಸಹಿ ಇರುತ್ತೆ ಕಣಯ್ಯಾ, ಹಾಕಿದವರ ಹತ್ರ ಹೋಗಿ ಜಗಳ ಆಡಬಹುದು. ಇದಕ್ಕೆ ಸಹೀನೇ ಇಲ್ಲ. ಯಾರ ಹತ್ರ ಜಗಳ ಆಡ್ತೀಯ? ಸುಮ್ನೆ ಪಾಲಿಸ್ಬೇಕು. ಡೈರೆಕ್ಟಿವ್ ಅಂದ್ರೆ ಅದೇ!"

ಎಲ್ಲರೂ ತಂತಮ್ಮ ಮೇಜಿಗೆ ಮರಳಿದರು.

ನಾಲ್ಕಾಯಿತು. ಯಾರೂ ಹತ್ತಿರ ಸುಳಿಯಲಿಲ್ಲ. ಬೋಳು ಮೇಜು ನೋಡಿ ಅವನಿಗೆ ಸಂತೋಷದಿಂದ ಕಣ್ಣು ತುಂಬಿಬಂತು. ಬ್ಯಾಗು ಹೆಗಲಿಗೇರಿಸುವಷ್ಟರಲ್ಲಿ ಮ್ಯಾನೇಜರ್ ಏದುಸಿರು ಬಿಡುತ್ತಾ ಬಂದರು.

"ಎಲ್ಲಿಗ್ರೀ ಹೊರಟ್ರಿ? ಡೈರೆಕ್ಟಿವ್ ಬಂದಿದೆ! ಎಲ್ಲರೂ ಪಾಲಿಸ್ತಾರಾ ಅಂತ ನೋಡ್ಕೊಳ್ಳೋಕೆ ಒಬ್ಬರು ಬೇಡ್ವಾ? ಕೈ ಖಾಲಿ ಇರೋದು ನಿಮ್ಮೊಬ್ಬರದೇ. ಕೊನೆಯವರು ಕೆಲಸ ಮುಗಿಸೋ ತನಕ ಇಲ್ಲೇ ಕೂತಿರಿ."

"ಸಾರ್... ಅದನ್ನ ಬರೆದದ್ದು ನಾನೇ."

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀವು? ಫ್ಯಾನ್ ಹಾಕಿ ಅನ್ನೋಕೂ ಸಂಕೋಚಪಡೋ ನೀವು ಡೈರೆಕ್ಟಿವ್ ಕೊಡೋದಾ? ತಮಾಷೆ ಸಾಕು, ಕೂತ್ಕೊಳ್ಳಿ."

ಅವನು ಕೂತ. ತಮ್ಮ ಕೆಲಸ ತಾವೇ ಮಾಡಿ ಅಭ್ಯಾಸವೇ ಇಲ್ಲದ ಮಂದಿ! ಮೀಟರ್ ವಿಭಾಗದವನು ಒಂದೇ ಫೈಲನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಟೈಪಿಸ್ಟ್ ಮೇಡಂ ತಮ್ಮ ಬೀರುವಿನ ಬೀಗದ ಕೈ ಯಾವುದೆಂದು ಕಂಡವರನ್ನೆಲ್ಲ ಕೇಳುತ್ತಿದ್ದರು.

ಐದಾಯಿತು. ಇನ್ನು ತಡೆಯಲಾರದೆ ಅವನು ಮೀಟರ್ ವಿಭಾಗದವನ ಮುಂದೆ ಕೈಮುಗಿದು ನಿಂತ. "ಕೊಡಪ್ಪಾ, ಆ ಫೈಲ್ ಇಲ್ಲಿ ಕೊಡು. ಚಿಟಿಕೆ ಹೊಡೆಯೋದ್ರಲ್ಲಿ ಮುಗಿಸ್ತೀನಿ. ನಮ್ಮಮ್ಮ ನೀರಿಗಿಳಿಯೋ ಹೊತ್ತಾಯ್ತು!"

ಆತ ಫೈಲನ್ನು ಎದೆಗವಚಿಕೊಂಡ.

"ಬೇಡ ಸಾರ್! ಇಷ್ಟು ವರ್ಷ ನಿಮ್ಮ ತಲೆಗೆ ಕಟ್ಟಿ ಪಾಪ ಕಟ್ಕೊಂಡಿದ್ದೇ ಸಾಕು. ರಾತ್ರಿ ಎಷ್ಟು ಹೊತ್ತಾದ್ರೂ ಸರಿ, ನನ್ನ ಕೆಲಸ ನಾನೇ ಮಾಡ್ತೀನಿ. ನೀವು ಆರಾಮಾಗಿ ಕೂತ್ಕೊಂಡು ನೋಡ್ತಾ ಇರಿ."