ಭಾವನವರು ಕಣ್ಣು ಮುಚ್ಚಿದರೆ

ನಮ್ಮ ಭಾವನವರು ಮನುಷ್ಯರ ಜೊತೆ ಮಾತಾಡುವುದಿಲ್ಲ! ಮೂಗರಲ್ಲ, ಜಂಬದವರೂ ಅಲ್ಲ. ನಮಗೆ ಏನಾದರೂ ಹೇಳಬೇಕಾದರೆ ಅದನ್ನು ದೇವರಿಗೆ ಹೇಳುತ್ತಾರೆ, ಗಟ್ಟಿಯಾಗಿ. ಪಕ್ಕದಲ್ಲಿರುವ ನಾವು ಕೇಳಿಸಿಕೊಳ್ಳಬೇಕು, ಅಷ್ಟೇ.

ಅವರು ನನ್ನ ಅಕ್ಕನ ಗಂಡ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಯಂತ್ರಗಳ ಗದ್ದಲದಲ್ಲಿ ಅವರ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲವಂತೆ. ಯಾವಾಗಲೋ ಅವರಿಗೆ ಒಂದು ಸತ್ಯ ಹೊಳೆದಿರಬೇಕು: ನಮ್ಮ ಕ್ರೈಸ್ತರಲ್ಲಿ ಕಣ್ಣು ಮುಚ್ಚಿ ‘ಕರ್ತನೇ’ ಎಂದವನ ಬಾಯಿ ಮುಚ್ಚಿಸುವ ಧೈರ್ಯ ಯಾರಿಗೂ ಇಲ್ಲ!

ಊಟದ ಪ್ರಾರ್ಥನೆಯನ್ನೇ ನೋಡಿ. ಅಕ್ಕನ ಸಾರಿಗೆ ಉಪ್ಪು ಕಡಿಮೆಯಾದರೆ ಬೇರೆ ಗಂಡಂದಿರು ಗೊಣಗುತ್ತಾರೆ. ಭಾವನವರು ತುತ್ತು ಕೆಳಗಿಟ್ಟು ಎರಡನೇ ಸಲ ಕೈಮುಗಿಯುತ್ತಾರೆ. “ಕರ್ತನೇ, ಅಷ್ಟು ದೊಡ್ಡ ಸಮುದ್ರಕ್ಕೆ ಉಪ್ಪು ಹಾಕಿದವನೇ, ಅದರಲ್ಲಿ ಒಂದು ಚಿಟಿಕೆ ಈ ಬಡ ಸಾರಿಗೂ ದಯಪಾಲಿಸು.”

ಅಕ್ಕ ಶಿಸ್ತಾಗಿ ಆಮೆನ್ ತನಕ ಕಾಯುತ್ತಾಳೆ. “ದಯಪಾಲಿಸಿದಾನೆ ಕಣ್ರೀ. ಅಡುಗೆಮನೇಲಿ ನೀಲಿ ಡಬ್ಬೀಲಿ ಇದೆ. ಎದ್ದು ತಗೊಳ್ಳಿ!”

ನಾನಾದರೋ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿ ಪಡೆದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ಬರಲಿ ಬಿಡಲಿ ನಿದ್ದೆ ಮಾಡಬೇಕು! ರಾಜಾಜಿನಗರದ ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆಯ ಕ್ರಮ ಬರೆಯುವುದು ನಾನೇ. ಭಾವನವರ ಪ್ರಾರ್ಥನೆಗೆ ಐದು ನಿಮಿಷ ಎಂದು ಬರೆಯುತ್ತೇನೆ. ಬರೆಯುವುದಕ್ಕೇನು? ಒಮ್ಮೆ ತಾಳಲಾರದೆ ಸಣ್ಣಗೆ ಕೆಮ್ಮಿದೆ. ತಕ್ಷಣ ಕೇಳಿಸಿತು: “ಕರ್ತನೇ, ಗಡಿಯಾರಕ್ಕೆ ದಾಸಿಯಾಗಿರೋ ನಿನ್ನ ಮಗಳೊಬ್ಬಳು ಇಲ್ಲೇ ಎರಡನೇ ಬೆಂಚಲ್ಲಿದಾಳೆ. ಅವಳಿಗೆ ಬಿಡುಗಡೆ ಕೊಡು. ಕೆಮ್ಮಿಗೂ ಔಷಧಿ ಕೊಡು.”

ಅದು ಎಲ್ಲರ ಜೇಬಿಗೂ ಹೊಸದಾಗಿ ಮೊಬೈಲ್ ಬಂದಿದ್ದ ಕಾಲ. ಒಂದು ಭಾನುವಾರ ಪ್ರಾರ್ಥನೆಯ ನಡುವೆ ಯಾರದ್ದೋ ಫೋನು ಡೊಳ್ಳು ಬಾರಿಸತೊಡಗಿತು. ಭಾವನವರು ಕಣ್ಣು ತೆರೆಯಲಿಲ್ಲ. “ಕರ್ತನೇ, ಈ ಸಹೋದರನನ್ನ ಯಾರೋ ಕರೀತಿದಾರೆ. ನೀನೂ ಎಷ್ಟೋ ವರ್ಷದಿಂದ ಕರೀತಿದೀಯ. ನಿನ್ನದನ್ನೂ ಅವನು ಎತ್ತುತಾ ಇಲ್ಲ!”

ಇಷ್ಟೆಲ್ಲ ತಮಾಷೆಯೇ ಅಂದುಕೊಂಡಿದ್ದೆವು, ಶಾಂತವ್ವನ ಮಗಳ ಮದುವೆ ಬರುವ ತನಕ.

ಶಾಂತವ್ವ ರಾಯಚೂರಿನ ಕಡೆಯವಳು. ಲಗ್ಗೆರೆಯಲ್ಲಿ ಒಂದು ಕೋಣೆಯ ಮನೆ. ಕಟ್ಟಡದ ಕೆಲಸದಲ್ಲಿ ಗಂಡ ಬಿದ್ದು ತೀರಿಕೊಂಡ ಮೇಲೆ ನಮ್ಮ ಚರ್ಚನ್ನು ಗುಡಿಸಿ ಒರೆಸುತ್ತಿದ್ದಳು. ಅವಳ ಕೆಲಸ ಮುಗಿಯುವವರೆಗೆ ಪುಟ್ಟ ಮಗಳು ಎಸ್ತೇರ್ ಬೆಂಚಿನ ಮೇಲೆ ಮಲಗಿರುತ್ತಿದ್ದಳು. ಮಕ್ಕಳಿಲ್ಲದ ಭಾವನವರು ಅವಳ ಪಕ್ಕದಲ್ಲಿ ಒಂದು ಬನ್ನು ಇಟ್ಟು, ಮಾತಿಲ್ಲದೆ ಹೊರಟುಬಿಡುತ್ತಿದ್ದರು. ಆ ಹುಡುಗಿ ಈಗ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಹೊಸಪೇಟೆಯಲ್ಲಿ ಗಂಡು ನಿಶ್ಚಯವಾಗಿತ್ತು.

ಶಾಂತವ್ವ ಮದುವೆಯ ಊಟಕ್ಕೆ ಚರ್ಚಿನ ಹಾಲ್ ಕೇಳಿದಳು. ಹಾಲ್ ನೋಡಿಕೊಳ್ಳುವ ಸೆಕ್ರೆಟರಿ ಆಗದೆಂದು ತಲೆಯಾಡಿಸಿದರು.

“ಹಾಲ್ ಸದಸ್ಯರಿಗೆ ಮಾತ್ರ ಕಣಮ್ಮ. ಸದಸ್ಯಳಾಗ್ಬೇಕು ಅಂದ್ರೆ ನಿಮ್ಮೂರ ಚರ್ಚಿಂದ ವರ್ಗಾವಣೆ ಪತ್ರ ತರ್ಬೇಕು.”

“ನಮ್ಮೂರಾಗ ಚರ್ಚ್ ಎಲ್ಲೈತ್ರಿ? ಬೇವಿನ ಗಿಡದ ಬುಡಕ ಕುಂದರ್ತೀವ್ರಿ. ಗಿಡ ಪತ್ರ ಬರದು ಕೊಡ್ತೈತೇನ್ರಿ?”

ಸೆಕ್ರೆಟರಿ ನನ್ನತ್ತ ತಿರುಗಿ ದನಿ ತಗ್ಗಿಸಿದರು. “ಹೊಸ ಪೇಂಟ್ ಮಾಡಿಸಿದೀವಿ ಸಿಸ್ಟರ್. ಲಗ್ಗೆರೆ ಜನ ಎಲೆ ಅಡಿಕೆ ಉಗೀತಾರೆ.” ದನಿ ತಗ್ಗಿದ್ದೇನೋ ನಿಜ. ಆದರೆ ಶಾಂತವ್ವನ ಕೈಯಲ್ಲಿ ಪೊರಕೆ ನಿಂತುಹೋಯಿತು. ಹಿಂದಿನ ಬೆಂಚಿನಲ್ಲಿದ್ದ ಭಾವನವರು ಎಂದಿನಂತೆ ಏನೂ ಮಾತಾಡಲಿಲ್ಲ.

ಭಾನುವಾರ ಬಂತು. ಸೆಕ್ರೆಟರಿ ಮೊದಲನೇ ಬೆಂಚಿನಲ್ಲಿ ಇಸ್ತ್ರಿ ಮುರಿಯದಂತೆ ಕೂತಿದ್ದರು. ಭಾವನವರು ಎದ್ದು ಕಣ್ಣು ಮುಚ್ಚಿದರು.

“ಕರ್ತನೇ, ನೀನು ಹುಟ್ಟೋವಾಗ ಛತ್ರದಲ್ಲಿ ಜಾಗ ಸಿಗಲಿಲ್ಲ. ಆ ಛತ್ರದ ಸೆಕ್ರೆಟರಿ ಕೆಟ್ಟವನೇನಲ್ಲ. ನಿನ್ನ ತಾಯಿ ಹತ್ರ ವರ್ಗಾವಣೆ ಪತ್ರ ಇರಲಿಲ್ಲ, ಅಷ್ಟೇ. ಪಾಪ, ಅವನೂ ಆಗ ತಾನೇ ಪೇಂಟ್ ಮಾಡಿಸಿದ್ದನೋ ಏನೋ!”

ಪಾಸ್ಟರ ಕಣ್ಣು ಮುಚ್ಚಿತ್ತು, ಭುಜ ಕುಣಿಯುತ್ತಿತ್ತು. (ನಾನು ಒಂದೇ ಕಣ್ಣು ತೆರೆದಿದ್ದೆ.)

“ನಮ್ಮಲ್ಲೂ ಒಂದು ಛತ್ರ ಇದೆ. ಬೀಗದ ಕೈ ಒಬ್ಬರ ಅಂಗಿ ಜೇಬಲ್ಲಿದೆ. ಅವರ ಹೃದಯ ತೆರೆ ಕರ್ತನೇ. ಜೇಬಿನ ಹಿಂದೇನೇ ಇದೆ, ನಿನಗೆ ಹುಡುಕೋ ಕಷ್ಟ ಇಲ್ಲ. ತೆರೆಯೋ ತನಕ ನಾವೆಲ್ಲ ಹೀಗೇ ಕಾದಿರ್ತೀವಿ.”

ಅಷ್ಟಕ್ಕೇ ನಿಲ್ಲಿಸಿಬಿಟ್ಟರು! ಆಮೆನ್ ಇಲ್ಲ. ಫ್ಯಾನು ತಿರುಗಿತು, ಮಗುವೊಂದು ಅತ್ತು ಸುಮ್ಮನಾಯಿತು. ಪ್ರಾರ್ಥನೆಯ ನಡುವೆ ಎದ್ದು ಹೋಗುವಂತಿಲ್ಲ, ಕಣ್ಣು ತೆರೆಯುವಂತಿಲ್ಲ. ಎಲ್ಲರ ಮನೆಯಲ್ಲೂ ಮಟನ್ ಸಾರು ಆರುತ್ತಿತ್ತು. ಸೆಕ್ರೆಟರಿಯವರ ಕುತ್ತಿಗೆ ಕೆಂಪಾಯಿತು, ಇನ್ನಷ್ಟು ಕೆಂಪಾಯಿತು. ಕೊನೆಗೆ ಬೀಗದ ಕೈ ಬೆಂಚಿನ ಮೇಲೆ ಝಣ್ ಎಂದಿತು.

“ಆಯ್ತು ಕಣ್ರೀ ಮಾರಾಯ್ರೇ, ತಗೊಳ್ಳಿ!”

“ಆಮೆನ್,” ಎಂದರು ಭಾವನವರು. ಹಿಂದಿನ ಬೆಂಚುಗಳ ಆಮೆನ್‌ಗೆ ಗಾಜುಗಳು ಅದುರಿದವು.

ಮದುವೆ ಚೆನ್ನಾಗಿಯೇ ನಡೆಯಿತು. ತಂದೆಯ ಜಾಗದಲ್ಲಿ ಎಸ್ತೇರಳ ಕೈಹಿಡಿದು ನಡೆಸಿಕೊಂಡು ಬಂದವರು ಭಾವನವರೇ. ಗೋಡೆಗೆ ಯಾರೂ ಉಗಿಯಲಿಲ್ಲ. ಸೆಕ್ರೆಟರಿ ತಾವೇ ನಿಂತು ಎರಡು ಸಲ ಪಾಯಸ ಬಡಿಸಿದರು. ಊಟ ಮುಗಿದು, ಹೊಸಪೇಟೆಗೆ ಹೊರಟ ಟೆಂಪೋ ಬಾಗಿಲಿಗೆ ಬಂತು. ಪ್ರಯಾಣದ ಪ್ರಾರ್ಥನೆ ಯಾರದು? ಭಾವನವರದೇ!

ಟೆಂಪೋದ ಪಕ್ಕ ನಿಂತಿದ್ದ ಎಸ್ತೇರಳ ತಲೆಯ ಮೇಲೆ ಕೈಯಿಟ್ಟು ಶುರು ಮಾಡಿದರು. ಟೆಂಪೋದ ನಾಲ್ಕು ಚಕ್ರಗಳನ್ನೂ, ಸ್ಟೆಪ್ನಿಯನ್ನೂ ಆಶೀರ್ವದಿಸಿದರು. ಡ್ರೈವರನಿಗೆ ನಿದ್ದೆ ಬಾರದಿರಲಿ ಎಂದರು. ನೆಲಮಂಗಲದ ಲಾರಿಗಳಿಂದ ಕಾಪಾಡು ಎಂದರು. ತುಮಕೂರಿನಲ್ಲಿ ಒಳ್ಳೆಯ ಕಾಫಿ ಸಿಗಲಿ ಎಂದರು. “ಶಿರಾ ಹತ್ರ ರಸ್ತೆ ಅಗೆದಿದಾರೆ ಕರ್ತನೇ, ಅಲ್ಲಿ ನಿಧಾನಕ್ಕೆ ಕರ್ಕೊಂಡು ಹೋಗು.” ಹಿರಿಯೂರು ಬಂತು. ಜನ ಮುಸಿಮುಸಿ ನಕ್ಕರು. ಚಿತ್ರದುರ್ಗದ ಕೋಟೆಯ ಕೆಳಗೆ ಬಿಸಿಲು ಜಾಸ್ತಿ, ಹುಡುಗಿಗೆ ನೀರು ಸಿಗಲಿ ಎಂದರು. ಎಸ್ತೇರ್ ತಲೆ ತಗ್ಗಿಸಿ, ಅಲುಗದೆ ನಿಂತಿದ್ದಳು.

ಶಾಂತವ್ವನಿಗೆ ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಅವರ ತೋಳು ಮುಟ್ಟಿದಳು.

“ಅಣ್ಣಾರ, ಸಾಕ್ರಿ. ನೀವು ಆಮೆನ್ ಅನ್ನೂತನಕ ಗಾಡಿ ಬಿಡಂಗಿಲ್ರಿ.”

ಭಾವನವರು ಕಣ್ಣು ತೆರೆಯಲಿಲ್ಲ. ಈ ಸಲ ದೇವರಿಗಲ್ಲ, ಅವಳಿಗೇ ಮೆಲ್ಲಗೆ ಹೇಳಿದರು.

“ಗೊತ್ತಮ್ಮ. ಅದಕ್ಕೇ.”