ಜರ್ಮನಿಯಿಂದ ಹುಡುಗನನ್ನು ವಿಚಾರಿಸಿದ್ದು

ದಡ್ಡತನದಲ್ಲಿ ಎರಡು ಜಾತಿ. ಗೊತ್ತಿಲ್ಲದೆ ಮಾಡುವುದು ಒಂದು. ಚೆನ್ನಾಗಿ ಯೋಚನೆ ಮಾಡಿ, ಅಳೆದು ತೂಗಿ, ನಾಳೆ ಏನಾಗಬಹುದು ಎಂದು ಲೆಕ್ಕ ಹಾಕಿ ಮಾಡುವುದು ಇನ್ನೊಂದು. ನಾನು ಯಾವತ್ತೂ ಎರಡನೇ ಜಾತಿಗೆ ಸೇರಿದವನು. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಂದು ದಿನ ಪೂರ್ತಿ ಯೋಚನೆ ಮಾಡಿ ನಾನು ಗುಂಡ್ಲುಪೇಟೆಯ ತರಕಾರಿ ಮಂಡಿಗೆ ಹೋಗಿ, ಅಲ್ಲಿದ್ದ ನಮ್ಮ ಪುಟ್ಟಸ್ವಾಮಿ ಮಾವನ ಕಿವಿಯಲ್ಲಿ, "ಮಾವ, ನನ್ ಬಗ್ಗೆ ವಿಚಾರ್ಸಕೆ ಇಲ್ಲಿಗೊಂದು ಫೋನ್ ಬತ್ತದೆ. ವಸಿ ಚೆನ್ನಾಗೇಳು" ಅಂದೆ. ಯಾರು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಹೇಳಲಿಲ್ಲ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಟೊಮ್ಯಾಟೊ ಕ್ರೇಟಿನ ಮೇಲಿಂದ ಎದ್ದು, ನನ್ನ ಬೆನ್ನು ತಟ್ಟಿ, "ಅದ್ಕೇನ್ಲಾ, ನಾನಿಲ್ವಾ" ಅಂದ. ಆ ಬೆನ್ನು ತಟ್ಟಿದ ರೀತಿಯಲ್ಲೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಾನಾಗ ಮೈಸೂರಿನಲ್ಲಿ ಜರ್ಮನ್ ಭಾಷೆಯ ಡಿಪ್ಲೊಮಾ ಓದುತ್ತಿದ್ದೆ. ಗುಂಡ್ಲುಪೇಟೆ ಪಕ್ಕದ ಹಂಗಳದ ಹುಡುಗ ಜರ್ಮನ್ ಯಾಕೆ ಓದಿದ ಎಂದು ಕೇಳಬೇಡಿ. ನಮ್ಮಪ್ಪ ಈಗಲೂ ಕೇಳುತ್ತಿದ್ದಾರೆ. ಬಂಡೀಪುರಕ್ಕೆ ಬರುವ ಬಿಳಿಯ ಪ್ರವಾಸಿಗಳಿಗೆ ಆನೆ ತೋರಿಸಿಕೊಂಡು ಸುಖವಾಗಿರಬಹುದು ಎಂಬ ಅಂದಾಜಿನಲ್ಲಿ ಸೇರಿದ್ದೆ. ಸೇರಿದ ಮೇಲೆ ಗೊತ್ತಾಯಿತು, ಆ ಭಾಷೆಯಲ್ಲಿ ಕ್ರಿಯಾಪದ ಒಡೆದು ಅರ್ಧ ಮುಂದೆ, ಇನ್ನರ್ಧ ವಾಕ್ಯದ ಕೊನೆಗೆ ಹೋಗಿ ಕೂತಿರುತ್ತದೆ; ಅಲ್ಲಿಯ ತನಕ ಹೇಳಿ ಮುಗಿಸುವುದರೊಳಗೆ ಆನೆ ಕಾಡು ದಾಟಿ ಕೇರಳ ಸೇರಿರುತ್ತದೆ.

ಕೊನೆಯ ವರ್ಷ ನಮ್ಮ ಮೇಡಂ ಒಂದು ನಿಯಮ ತಂದರು. ಜರ್ಮನ್ ಮಾತಾಡುವ ದೇಶದಲ್ಲಿ ಮೂರು ತಿಂಗಳು ಎಲ್ಲಾದರೂ ಕೆಲಸ ಕಲಿಯಬೇಕು, ಅಲ್ಲಿಂದ ಒಪ್ಪಿಗೆ ಪತ್ರ ತರಬೇಕು, ತಂದವರಿಗೆ ಮಾತ್ರ ಡಿಪ್ಲೊಮಾ. ಪತ್ರ ತಲುಪಿಸಲು ಒಂದು ಸೋಮವಾರ ಗೊತ್ತು ಮಾಡಿದರು. ಅದೇ ಸೋಮವಾರ ಅನುವಾದದ ಕೆಲಸವೂ ಕೊಡಬೇಕು, ಪ್ರಬಂಧವೂ ಕೊಡಬೇಕು. ಮೇಡಂಗೆ ಸೋಮವಾರಗಳ ಮೇಲೆ ಏನೋ ಭಕ್ತಿ. "ಮಾದೇಶ, ನೀವು ಕೊಟ್ಟರೆ ಕೊಡಿ, ಕೊಡದಿದ್ದರೆ ಮುಂದಿನ ವರ್ಷ ಮತ್ತೆ ಇಲ್ಲೇ ಸಿಗೋಣ" ಎಂದು ಅವರು ನಗುತ್ತಲೇ ಹೇಳಿದ್ದರು. ಮತ್ತೊಂದು ವರ್ಷಕ್ಕೆ ಅಪ್ಪ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. "ಈ ವರ್ಸ ಮುಗೀಲಿಲ್ಲಾಂದ್ರೆ ಬಂದು ಅರಿಶಿನದ ಗೆಡ್ಡೆ ಕೀಳು" ಎಂಬುದು ಮನೆಯ ಅಂತಿಮ ತೀರ್ಪು.

ಓದುವ ರಜೆಗೆ ಊರಿಗೆ ಬಂದವನು ಓದಲಿಲ್ಲ, ಓಡಾಡಿದೆ. ಬೆಳಗ್ಗೆ ಹಂಗಳದಿಂದ ಗುಂಡ್ಲುಪೇಟೆಯ ಸೈಬರ್ ಸೆಂಟರಿಗೆ. ಅಲ್ಲಿ ಇಮೇಲ್ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಒಂದು ಒಪ್ಪಂದವಿತ್ತು. ಕರೆಂಟು ಹೋದರೆ ಬಸ್ಸು ಹತ್ತಿ ಚಾಮರಾಜನಗರಕ್ಕೆ, ಅಲ್ಲಿ ಅಕ್ಕನ ಮನೆ ಪಕ್ಕದ ಸೈಬರಿಗೆ. ಅಲ್ಲಿ ಕರೆಂಟು ಇರುತ್ತಿತ್ತು, ಕಂಪ್ಯೂಟರಿನ ಮುಂದೆ ಜಾತಕ ಪ್ರಿಂಟು ತೆಗೆಸುವವರ ಸಾಲೂ ಇರುತ್ತಿತ್ತು. ಹೋಟೆಲು, ಹೂವಿನ ತೋಟ, ಬೇಕರಿ, ಮ್ಯೂಸಿಯಂ ಎಲ್ಲಕ್ಕೂ ಅರ್ಜಿ ಹಾಕಿದೆ. ಕುದುರೆ ಲಾಯಕ್ಕೂ ಹಾಕಿದೆ. ಕುದುರೆಯನ್ನು ನಾನು ದಸರಾದಲ್ಲಿ ದೂರದಿಂದ ನೋಡಿದ್ದೆ. ಎಲ್ಲ ಕಡೆಯಿಂದಲೂ ಇಲ್ಲ ಎಂದು ಉತ್ತರ ಬಂತು. ಜರ್ಮನರ 'ಇಲ್ಲ' ಎಷ್ಟು ಮರ್ಯಾದೆಯದ್ದು ಅಂದರೆ, ಮೊದಲ ಪತ್ರ ಓದಿ ಕೆಲಸ ಸಿಕ್ಕಿತೆಂದೇ ತಿಳಿದು ಸೈಬರಿನವನಿಗೆ ಟೀ ಕುಡಿಸಿದ್ದೆ. ನಿಮಗೆ ಒಳ್ಳೆಯ ಭವಿಷ್ಯ ಇರಲಿ ಎಂದು ಹಾರೈಸಿದ್ದರು. ಆ ಭವಿಷ್ಯ ಅವರ ಹತ್ತಿರ ಇಲ್ಲ ಎಂಬುದು ಕೊನೆಯ ವಾಕ್ಯದ ಕೊನೆಯ ಪದದಲ್ಲಿತ್ತು.

ಮನೆಯಲ್ಲಿ ಕೂತರೆ ಕಾಲು ನಿಲ್ಲುತ್ತಿರಲಿಲ್ಲ. ಅನುವಾದ ಮಾಡಲು ಕೂತವನು ಎದ್ದು ಪ್ರಬಂಧಕ್ಕೆ ಹೋಗುತ್ತಿದ್ದೆ, ಪ್ರಬಂಧದಿಂದ ಎದ್ದು ಹೊರಗಿನ ನೀರಿನ ಟ್ಯಾಂಕು ಹತ್ತುತ್ತಿದ್ದೆ; ನಮ್ಮ ಬೀದಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅದರ ಮೇಲೆ ಮಾತ್ರ. ನಮ್ಮಜ್ಜಿ ಜಗುಲಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ನನಗೆ ಕಾಫಿ ತಂದುಕೊಡುವವಳು ಅವಳೇ, ಲೋಟ ಎತ್ತಿಕೊಂಡು ಹೋಗುವವಳೂ ಅವಳೇ. ಮಂಡಿನೋವು ಇದ್ದರೂ ಅವಳು ಕೂತಲ್ಲಿ ಕೂರುವವಳಲ್ಲ, ಬಾಯಿ ಮುಚ್ಚುವವಳೂ ಅಲ್ಲ. "ಯಾನ್ಲಾ ಮಾದೇಸ, ಬಾಲ ಸುಟ್ಟ ಬೆಕ್ಕು ಆಡ್ದಂಗೆ ಆಡ್ತಿದ್ದೈ. ಕೂತ್ಕಂಡು ಓದಕಾಗಕಿಲ್ವ?" ಅನ್ನುವಳು. "ಅಜ್ಜಿ, ನಿಂಗೊತ್ತಾಗಲ್ಲ, ಡೆಡ್‌ಲೈನು" ಅಂದರೆ, "ಅದ್ಯಾವ ಲೈನೋ, ಕರೆಂಟ್ ಲೈನ್ ಇದ್ದಂಗೈತೆ. ಮುಟ್ಟಬ್ಯಾಡ ಬುಡು" ಅಂದಳು.

ಕೊನೆಗೆ ಒಂದು ಉತ್ತರ ಬೇರೆ ಥರ ಬಂತು. ಯಾವುದೋ ಸಣ್ಣ ಊರಿನ ವೃದ್ಧಾಶ್ರಮ. ಮುದುಕ ಮುದುಕಿಯರ ಜೊತೆ ಮಾತಾಡಿಕೊಂಡು, ಊಟ ತಿನ್ನಿಸಿಕೊಂಡು ಇರುವ ಹುಡುಗ ಬೇಕಂತೆ. ನಿಮ್ಮ ಅರ್ಜಿ ಇಷ್ಟವಾಗಿದೆ, ಆದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರ ಫೋನ್ ನಂಬರು ಕೊಡಿ, ನಾವು ಅವರ ಜೊತೆ ಮಾತಾಡುತ್ತೇವೆ ಎಂದು ಅಲ್ಲಿನ ಮ್ಯಾನೇಜರಮ್ಮ ಬರೆದಿದ್ದರು. ನಮ್ಮಲ್ಲಿ ಕೇರಳದ ನರ್ಸ್ ಒಬ್ಬರಿದ್ದಾರೆ, ಭಾಷೆಯ ತೊಂದರೆಯಾದರೆ ಅವರೇ ಮಾತಾಡುತ್ತಾರೆ ಎಂದೂ ಸೇರಿಸಿದ್ದರು.

ನನ್ನನ್ನು ಚೆನ್ನಾಗಿ ಬಲ್ಲವರು ಮೇಡಂ. ಅವರು ಚೆನ್ನಾಗಿ ಬಲ್ಲರು ಎಂಬುದೇ ಕಷ್ಟ. ಆದ್ದರಿಂದ ಯೋಚನೆ ಮಾಡಿದೆ. ಪುಟ್ಟಸ್ವಾಮಿ ಮಾವನಿಗೆ ಮಂಡಿಯಲ್ಲಿ ಲ್ಯಾಂಡ್‌ಲೈನು ಇದೆ. ಬೀನ್ಸು, ಕುಂಬಳಕಾಯಿ ಲೋಡು ಕೇರಳಕ್ಕೆ ಕಳಿಸಿ ಕಳಿಸಿ ಅವನಿಗೆ ಮಲಯಾಳ ಸಲೀಸು. ಲಾರಿ ಡ್ರೈವರುಗಳ ಜೊತೆ ಮಲಯಾಳದಲ್ಲಿ ಜಗಳ ಆಡಿ ಗೆದ್ದವನು. ಇನ್ನೇನು ಬೇಕು? ಆದರೆ ಮಾವನಿಗೆ ಜರ್ಮನಿ ಅಂತ ಬಾಯಿ ಬಿಟ್ಟರೆ ಸಂಜೆಯೊಳಗೆ ಹಂಗಳಕ್ಕೆಲ್ಲ ಗೊತ್ತಾಗುತ್ತದೆ. ಕೆಲಸ ಸಿಗದಿದ್ದರೆ ಮಾನ ಹೋಗುತ್ತದೆ. ಅದಕ್ಕೇ ಅಷ್ಟು ಚಿಕ್ಕದಾಗಿ ಹೇಳಿದ್ದು: ವಿಚಾರಿಸಲು ಫೋನು ಬರುತ್ತದೆ, ಚೆನ್ನಾಗಿ ಹೇಳು.

ನಮ್ಮ ಕಡೆ ಒಬ್ಬ ಹುಡುಗನ ಬಗ್ಗೆ ಹೊರಗಿನವರು ವಿಚಾರಿಸಿದರೆ ಅದಕ್ಕೆ ಒಂದೇ ಕಾರಣ. ಹೆಣ್ಣಿನ ಕಡೆಯವರು. ಅವರು ನೇರವಾಗಿ ಮನೆಗೆ ಬರುವುದಿಲ್ಲ. ಮೊದಲು ಟೀ ಅಂಗಡಿಯಲ್ಲಿ, ಮಂಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಕೂತು ಏನೂ ಗೊತ್ತಿಲ್ಲದವರ ಹಾಗೆ ಕೇಳುತ್ತಾರೆ. ಆಗ ಹುಡುಗನ ಪರವಾಗಿ ಮಾತಾಡುವುದು ಊರಿನ ಕರ್ತವ್ಯ. ಜಗಳವಾಡಿ ಮಾತು ಬಿಟ್ಟವರೂ ಅವತ್ತು ಹೊಗಳುತ್ತಾರೆ. ನಮ್ಮ ಬೀದಿಯ ಒಬ್ಬನ ಬಗ್ಗೆ ಉಡಿಗಾಲದವರು ಬಂದು "ಹುಡುಗ ಕುಡೀತಾನಾ?" ಎಂದು ಕೇಳಿದಾಗ, ನಮ್ಮ ಮಾವನೇ, "ಸ್ವಂತ ದುಡ್ಡಲ್ಲಿ ಒಂದ್ ತೊಟ್ಟೂ ಇಲ್ಲ" ಎಂದು ಸತ್ಯವನ್ನೇ ಹೇಳಿ ಮದುವೆ ಮಾಡಿಸಿದ್ದ. ಅಂಥ ಮಾವನಿಗೆ ನಾನು ಗುಟ್ಟಾಗಿ ಕಿವಿಯಲ್ಲಿ ಹೇಳಿ ಬಂದಿದ್ದೆ.

ಸೋಮವಾರ ಹತ್ತಿರ ಬಂತು. ಫೋನು ಬಂತೋ ಇಲ್ಲವೋ ತಿಳಿಯದೆ ಮಂಡಿಗೆ ಹೋದೆ. ಮಾವ ದೂರದಿಂದಲೇ ಕೈಯೆತ್ತಿ, ತೂಕ ಹಾಕುವುದನ್ನು ನಿಲ್ಲಿಸಿ, ನನ್ನನ್ನು ಮೂಟೆಗಳ ಹಿಂದಕ್ಕೆ ಎಳೆದುಕೊಂಡು ಹೋದ.

"ಕಳ್ ನನ್ಮಗನೆ, ಫಾರಿನ್ ಹೆಣ್ಣಾ? ನಂಗೊಂದು ಮಾತು ಹೇಳಬಾರದಾಗಿತ್ತೇನ್ಲಾ?"

"ಯಾವ್ ಹೆಣ್ಣು ಮಾವ?"

"ನಾಟ್ಕ ಆಡ್ಬೇಡ. ಜರ್ಮನಿಯಿಂದ ಫೋನ್ ಬಂದಿತ್ತು. ಮಲಯಾಳದ ಹೆಂಗಸು, ಲೀಲಾಮ್ಮ ಅಂತೆ, ನರ್ಸಂತೆ. ಎಲ್ಲಾ ನಯವಾಗಿ ಕೇಳುದ್ಳು. ನಾನೂ ಬುಡಲಿಲ್ಲ. ಕುಲ ಗಿಲ ಅಂತ ನಾನೇನೂ ತಲೆ ಕೆಡಿಸ್ಕಳಲ್ಲ ಕಣ್ಲಾ, ಕಾಲ ಬದಲಾಗದೆ. ನಿಮ್ಮಪ್ಪಂಗೆ ನಾನ್ ಹೇಳ್ತೀನಿ."

"ಏನ್ ಕೇಳುದ್ರು ಮಾವ? ನೀನೇನ್ ಹೇಳ್ದೆ?"

ಮಾವ ಮೂಟೆಯ ಮೇಲೆ ಕೂತು, ಗೆದ್ದ ಕೇಸನ್ನು ವಿವರಿಸುವ ವಕೀಲನ ಹಾಗೆ ಶುರು ಮಾಡಿದ. "ಹುಡುಗ ಯಾವ್ದಾದ್ರೂ ಕೆಲ್ಸ ಮಾಡವ್ನಾ ಅಂದ್ಳು. ಈ ಕಡ್ಡಿ ತಗ್ದು ಆ ಕಡೆ ಮಡಗ್ದವ್ನಲ್ಲ, ರಾಜನ್ ಮಗನಂಗೆ ಸಾಕಿವಿ ಅಂದೆ. ಬೆಳಗ್ಗೆ ಬೇಗ ಏಳ್ತಾನಾ ಅಂದ್ಳು. ಅವ್ನ್ಯಾಕೆ ಏಳ್ಬೇಕು, ಏಳಕೆ ಆಳುಗಳವ್ರೆ ಅಂದೆ."

"ಮಾವ..."

"ಇರು, ಕೇಳು. ಮನೆ ಬುಟ್ಟು ದೂರ ಬಂದು ಇರ್ತಾನಾ ಅಂದ್ಳು. ಮನೆ ಅಳಿಯ ಮಾಡ್ಕಳಕೆ ನೋಡ್ತಾವ್ಳೆ ಅಂತ ನಂಗೆ ಗೊತ್ತಾಗೋಯ್ತು. ಸತ್ರೂ ಬರಲ್ಲ, ಮೈಸೂರಲ್ಲಿ ಓದುದ್ರೂ ಪ್ರಾಣ ಎಲ್ಲಾ ಅವ್ವನ ಮೇಲೇ, ನಿಮ್ ಹೆಣ್ಣೇ ಇಲ್ಲಿಗ್ ಬರ್ಬೇಕಾಯ್ತದೆ ಅಂದೆ. ನಮ್ ಗತ್ತು ಗೊತ್ತಾಗ್ಬೇಕಲ್ವ?"

ನಾನು ಈರುಳ್ಳಿ ಮೂಟೆಗೆ ಒರಗಿದೆ. ಮಾವ ಇನ್ನೂ ಹೇಳುತ್ತಲೇ ಇದ್ದ. ಮನೆಯಲ್ಲಿ ವಯಸ್ಸಾದವರು ಇದ್ದಾರಾ ಎಂದು ಕೇಳಿದಾಗ ಅವನು ಬಲು ಎಚ್ಚರ ವಹಿಸಿದನಂತೆ. "ಮುದ್ಕಿ ಅವ್ಳೆ ಅಂದ್ರೆ ಯಾವ ಹೆಣ್ಣಿನೋರು ಒಪ್ತರ್ಲಾ? ಅದ್ಕೆ, ಅಜ್ಜಿ ಅವ್ಳೆ ನಿಜ, ಆದ್ರೆ ಬೇರೇವ್ರಿಗೆ ಒಂದ್ ಚೂರೂ ತೊಂದ್ರೆ ಇಲ್ಲ, ಆಯಮ್ಮನ ತಲೆ ಬಾಚದು, ಉಣ್ಸದು, ಕಾಲು ತಿಕ್ಕದು ಎಲ್ಲಾ ನಮ್ ಹುಡುಗ್ನೇ ಅಂದ್ಬುಟ್ಟೆ. ಹೆಂಗೆ?"

"ಭೇಷ್ ಮಾವ" ಅಂದೆ. ಅಷ್ಟು ಪ್ರೀತಿಯಿಂದ ನನ್ನ ಭವಿಷ್ಯಕ್ಕೆ ಮಣ್ಣು ಹಾಕಿದವನನ್ನು ಬೈಯಲು ಬಾಯಿ ಬರಲಿಲ್ಲ.

ಸೈಬರಿಗೆ ಓಡಿದೆ. ಕರೆಂಟಿರಲಿಲ್ಲ. ಚಾಮರಾಜನಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕ್ಷಮಾಪಣೆ ಪತ್ರ ಬರೆದೆ. 'ಮಾನ್ಯರೇ, ನಮ್ಮ ಮಾವ ಹೇಳಿದ್ದೆಲ್ಲ ಸುಳ್ಳು. ನಾನು ಸೋಮಾರಿಯಲ್ಲ.' ಇದನ್ನು ಓದಿದರೆ ಮಾವ ಸುಳ್ಳುಗಾರನಾಗುತ್ತಾನೆ, ಸುಳ್ಳುಗಾರನ ನಂಬರು ಕೊಟ್ಟ ನಾನು ಏನಾಗುತ್ತೇನೆ? ಹೊಡೆದುಹಾಕಿದೆ. 'ಮಾನ್ಯರೇ, ನಮ್ಮಲ್ಲಿ ಗಂಡು ವಿಚಾರಿಸುವ ಪದ್ಧತಿಯಿದೆ.' ಇಷ್ಟಕ್ಕೆ ಜರ್ಮನ್‌ನಲ್ಲಿ ಎರಡು ಪುಟ ಬೇಕು, ಕ್ರಿಯಾಪದಗಳೆಲ್ಲ ಕೊನೆಗೆ ಗುಂಪಾಗಿ ಬಂದು ನಿಲ್ಲುತ್ತವೆ. ಉಡಿಗಾಲದ ಹತ್ತಿರ ಬಸ್ಸು ಪಂಚರಾಯಿತು. ಎಲ್ಲರೂ ಇಳಿದು ಹುಣಸೆಮರದ ಕೆಳಗೆ ಕೂತರು. ನಾನೊಬ್ಬ ಬಸ್ಸಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ. "ಏನ್ ಸ್ವಾಮಿ, ಹರಕೆನಾ?" ಎಂದು ಕಂಡಕ್ಟರು ಕೇಳಿದ. ಅರಿಶಿನದ ಹೊಲ ರಸ್ತೆಯ ಎರಡೂ ಬದಿಯಲ್ಲಿ ಹಸಿರಾಗಿ, ನನಗಾಗಿಯೇ ಕಾಯುತ್ತಿರುವ ಹಾಗೆ ನಿಂತಿತ್ತು.

ಚಾಮರಾಜನಗರದಲ್ಲಿ ಜಾತಕದವರ ಕೈಕಾಲು ಹಿಡಿದು ಕಂಪ್ಯೂಟರಿನ ಮುಂದೆ ಕೂತೆ. ಪತ್ರ ಆಗಲೇ ಬಂದಿತ್ತು. ಬುದ್ಧಿವಂತನಾಗಿದ್ದೆನಲ್ಲ, ಈ ಸಲ ಕೊನೆಯ ವಾಕ್ಯದ ಕೊನೆಯ ಪದದಿಂದಲೇ ಓದಲು ಶುರುಮಾಡಿದೆ. 'ಬನ್ನಿ' ಎಂದಿತ್ತು. ನಂಬದೆ ಮೇಲಕ್ಕೆ ಹೋದೆ. ನಿಮ್ಮ ಮಾವ ಹೇಳಿದ ಅನೇಕ ಸಂಗತಿಗಳು ನಮಗೆ ಅರ್ಥವಾಗಲಿಲ್ಲ, ಕೆಲವು ಚಿಂತೆಗೂ ಕಾರಣವಾದವು. ಆದರೆ ಮನೆಯಲ್ಲಿ ಅಜ್ಜಿಯ ಶುಶ್ರೂಷೆಯನ್ನೆಲ್ಲ ನೀವೇ ಮಾಡುತ್ತೀರಿ ಎಂದು ತಿಳಿದು ಸಂತೋಷವಾಯಿತು, ಈ ವಯಸ್ಸಿನ ಹುಡುಗರಲ್ಲಿ ಇಂಥ ಅನುಭವ ಅಪರೂಪ, ಆದ್ದರಿಂದ ನಡೆಯಲಾಗದ ಹಿರಿಯರಿರುವ ವಿಭಾಗವನ್ನೇ ನಿಮಗೆ ಕೊಡುತ್ತಿದ್ದೇವೆ ಎಂದು ಮ್ಯಾನೇಜರಮ್ಮ ಬರೆದಿದ್ದರು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಮಲಯಾಳ. ಲೀಲಾಮ್ಮನವರದು. ನನಗೆ ತಿಳಿದ ಮಟ್ಟಿಗೆ ಅದರ ಅರ್ಥ: 'ನನ್ನ ಮಗಳಿನ್ನೂ ಎರಡನೇ ಕ್ಲಾಸು, ಕಾಯಬೇಡಿ ಎಂದು ಮಾವನಿಗೆ ಹೇಳು.'

ಪ್ರಿಂಟು ತೆಗೆಸಿದೆ. ಕ್ಷಮಾಪಣೆ ಪತ್ರದ ಯೋಚನೆಯನ್ನು ಅಲ್ಲೇ ಬಿಟ್ಟೆ. ಮಾವ ಹೇಳಿದ ಅಷ್ಟೂ ಮಾತಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ನಿಜವೇ. ಕಡ್ಡಿ ಎತ್ತಿಡದವನು ಹೌದು, ಬೇಗ ಏಳದವನೂ ಹೌದು. ಪೂರ್ತಿ ಸುಳ್ಳು ಒಂದೇ ಇತ್ತು. ಅವರು ನಂಬಿದ್ದು ಅದನ್ನು.

ಹಂಗಳಕ್ಕೆ ಬರುವಷ್ಟರಲ್ಲಿ ಮಾವ ಬಂದು, ಕಥೆಯೆಲ್ಲ ಹೇಳಿ, ಕಾಫಿ ಕುಡಿದು ಹೋಗಿದ್ದ. ಅಪ್ಪ ನನ್ನನ್ನು ಗುಟ್ಟಾಗಿ ಮದುಮಗನಾದವನನ್ನು ನೋಡುವ ಹಾಗೆ ಅನುಮಾನದಿಂದ ನೋಡುತ್ತಿದ್ದರು. ಪ್ರಿಂಟು ತೋರಿಸಿ ವಿಷಯ ಬಿಡಿಸಿ ಹೇಳಿದೆ: ಹೆಣ್ಣಲ್ಲ, ಕೆಲಸ, ಮುದುಕರಿಗೆ ಉಣ್ಣಿಸುವ ಕೆಲಸ, ಡಿಪ್ಲೊಮಾ ಉಳಿಯಿತು. ಅಪ್ಪ ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿ ಒಳಗೆ ಹೋದರು. ನಾನು ಜಗುಲಿಯ ಮೇಲೆ ಕೂತು, ಅಭ್ಯಾಸಬಲದಿಂದ, "ಅಜ್ಜಿ, ಕಾಫಿ" ಅಂದೆ.

ಅಜ್ಜಿ ಎದ್ದೇಳಲಿಲ್ಲ. ಹರಳೆಣ್ಣೆ ಬಟ್ಟಲನ್ನು ನನ್ನ ಕಡೆಗೆ ತಳ್ಳಿ, ಎರಡೂ ಕಾಲು ನೀಡಿ ಕೂತಳು.

"ಕಾಫಿ ಅಲ್ಲೋಗಿ ಕುಡ್ಯವಂತೆ, ಬಾ. ನಾನು ಅಂದ್ರೆ ಮನೆಯೋಳು, ಬೈದು ಸುಮ್ನಾಯ್ತಿನಿ. ಆ ಬಿಳಿ ಮುದ್ಕೀರ್ ಕಾಲು ಉಳುಕ್ಸುದ್ರೆ ಪೋಲೀಸ್ನೋರ್ನ ಕರೀತರೆ. ತಿಕ್ಕು, ಕಲ್ತ್ಕ."