ಡಾಂಬರು ಕಂಡರಾಗದ ಅತ್ತೆ

ನಾಸ್ತಿಕರನ್ನು ಭಕ್ತರನ್ನಾಗಿ ಮಾಡುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸಿದವರಿಲ್ಲ. ಪ್ರವಚನವಿಲ್ಲ, ವಿಭೂತಿಯಿಲ್ಲ, ಬೈಕಿನ ಹಿಂದೆ ಕೂರಿಸಿಕೊಳ್ಳುತ್ತಾಳೆ, ಅಷ್ಟೆ!

ಅಪ್ಪನ ತಂಗಿ ಈಕೆ, ಸಿಂಧನೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಐವತ್ತು ಸಮೀಪಿಸಿದಾಗ ಉಳಿದವರು ಮೊಣಕಾಲಿಗೆ ಎಣ್ಣೆ ಹುಡುಕಿದರೆ, ಈಕೆ ಡಾಂಬರಿನ ಮೇಲೂ ಹೊಲದಲ್ಲೂ ಓಡುವ ಡ್ಯುಯಲ್ ಸ್ಪೋರ್ಟ್ ಬೈಕು ತಂದಳು. ಅದೆಷ್ಟು ಎತ್ತರವೆಂದರೆ, ಅತ್ತೆ ಹತ್ತಲು ಪಕ್ಕದಲ್ಲೊಂದು ಕಟ್ಟೆಯೇ ಬೇಕು. ಡಾಂಬರಿನ ಮೇಲೂ ಓಡುತ್ತದೆ ಎಂದೆನಲ್ಲ? ಅದು ಮಾರಿದವರ ಮಾತು. ಅತ್ತೆಗೆ ಡಾಂಬರು ಕಂಡರಾಗದು. ಲಿಂಗಸುಗೂರಿನ ಮದುವೆಗೆಂದು ಹೊರಟವಳು ಮುದಗಲ್ ಕಡೆಯ ಯಾವುದೋ ಜೋಳದ ಹೊಲದಿಂದ ಹೊರಬಿದ್ದು, ಕೊನೆಯ ಪಂಕ್ತಿಯ ಊಟ ಹಿಡಿದದ್ದುಂಟು!

“ಒಂದಿನ ಕಾಲುವಿ ಪಾಲಾಗ್ತಾಳ ಆಕಿ,” ಎಂದರು ಅಪ್ಪ. “ನೀ ಡಿಬೇಟಿನಾಗ ಕಪ್ ತಂದಾಂವ. ಆ ಗಾಡಿ ಮಾರಿಸು, ನೋಡೋಣು.”

ಹೀಗೆ ಒಂದು ಭಾನುವಾರ ಮಸ್ಕಿಗೆಂದು ಅತ್ತೆಯ ಹಿಂದೆ ಕುಳಿತೆ.

“ಅತ್ತಿ, ದೊಡ್ಡ ರಸ್ತೆ ಸಪಾಟ ಐತಿ, ಹತ್ರನೂ ಐತಿ. ಈ ದಾರಿ ಪರವಾಗಿ ನಿನ್ನ ಕಡೆ ಒಂದರ ಕಾರಣ ಐತೇನು?”

“ಐತಿ. ಬಾಯಿ ಮುಚ್ಕೊ, ಹುಳ ಹೊಕ್ಕೀತು.”

ಇದು ವಾದವೇ? ಮರುಪ್ರಶ್ನೆ ಹಾಕುವಷ್ಟರಲ್ಲಿ ಕಾಲುವೆಯ ದಂಡೆ ಬಂತು. ಎಡಕ್ಕೆ ತುಂಬಿ ಹರಿಯುವ ನೀರು, ಬಲಕ್ಕೆ ಆಳುದ್ದ ಕೆಳಗೆ ಭತ್ತದ ಗದ್ದೆ, ನಡುವೆ ಚಕ್ರದಗಲ ದಾರಿ. ಎದುರಿಗೆ ಒಂದು ಎಮ್ಮೆ! ಅತ್ತೆಯನ್ನು ಎರಡೂ ಕೈಯಿಂದ ಅವಚಿಕೊಂಡೆ.

“ಸಡಿಲ ಹಿಡಿಯಲೇ, ನನ್ನ ಪಕ್ಕೆಲುಬು ಮುರದಾವು!”

ಮೂವರಲ್ಲಿ ಬುದ್ಧಿಯಿದ್ದದ್ದು ಎಮ್ಮೆಗೆ. ಅದು ನೀರಿಗಿಳಿದು ದಾರಿ ಬಿಟ್ಟಿತು. ಅದರ ಹಿಂದೆ ಬರುತ್ತಿದ್ದ ಎಮ್ಮೆಯೊಡತಿ ಕೂಗಿದಳು: “ಯಾಕ್ರಿ ಟೀಚರಮ್ಮಾ, ಕೂಸಿನ್ನ ಅಳಸಾಕತ್ತೀರಿ?”

“ಅಳಾಕತ್ತಿಲ್ರಿ, ವಾದ ಮಾಡಾಕತ್ತೀನಿ!” ಎಂದೆ. ದನಿ ಯಾಕೋ ಕೀರಲಾಗಿತ್ತು.

ಅತ್ತೆಗೊಂದು ಸಿದ್ಧಾಂತವಿದೆ. “ಕುಂತಾಂವ ಕೇಳಿದ್ದು ಹೇಳ್ತಾನ, ನಡಿಯಾಂವ ಕಂಡದ್ದು ಹೇಳ್ತಾನ. ದಾರಿ ಯಾವತ್ತೂ ನಡಿಯಾಂವನ್ನ ಕೇಳಬೇಕು.” ಸರಿ, ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದವನನ್ನು ಕೇಳಿದಳು. ಅವನು ಕಂಡದ್ದನ್ನೇ ಹೇಳಿದ, ಪಾಪ. ಆದರೆ ನಡೆಯುವವನ ದಾರಿ ಇರುವುದು ನಡೆಯುವುದಕ್ಕಲ್ಲವೇ? ಹಿಂದಿನ ದಿನದ ಮಳೆಗೆ ನೆನೆದ ಎರೆಹೊಲದ ನಡುವೆ ಚಕ್ರಗಳು ಕರಿಮಣ್ಣು ತುಂಬಿಕೊಂಡು ನಿಂತೇಬಿಟ್ಟವು. ತೊಗರಿ ಕಟ್ಟಿಗೆಯಿಂದ ಮಣ್ಣು ಕೀಳುತ್ತಾ ಸಿದ್ಧಾಂತದ ದೋಷವನ್ನೂ ಈ ಗಾಡಿಯನ್ನು ಯಾಕೆ ಮಾರಬೇಕೆಂಬುದನ್ನೂ ವಿವರಿಸಿದೆ. ಅತ್ತೆ ತಾನೂ ಒಂದು ಕಟ್ಟಿಗೆ ಹಿಡಿದು ಹಿಂದಿನ ಚಕ್ರದ ಬಳಿ ಕೂತಳು. ಗೆಲುವು ಹತ್ತಿರವಿತ್ತು.

ಮಸ್ಕಿ ಇನ್ನೇನು ಬಂತು ಎನ್ನುವಾಗ ಹೆದ್ದಾರಿ ಅಡ್ಡ ಬಂತು. ಅದರ ಮೇಲೆ ಹೋಗಬೇಕಿಲ್ಲ, ದಾಟಿದರೆ ಸಾಕು. ಅತ್ತೆ ಕಿಲೋಮೀಟರ್ ಕಲ್ಲಿಗೆ ಕಾಲು ಕೊಟ್ಟು ನಿಂತಳು. ಭತ್ತದ ಲಾರಿಗಳು ಹೋದವು. ರಸ್ತೆ ಖಾಲಿಯಾಯಿತು.

“ನಡಿ ಅತ್ತಿ.”

ನಡೆಯಲಿಲ್ಲ. ಮತ್ತೆ ಲಾರಿ, ಮತ್ತೆ ಖಾಲಿ. ಬಗ್ಗಿ ನೋಡಿದೆ. ಕಾಲುವೆಯ ದಂಡೆಯ ಮೇಲೆ ಅಲುಗದಿದ್ದ ಅತ್ತೆಯ ಕೈಗಳು ಈಗ ಹ್ಯಾಂಡಲ್ ಮೇಲೆ ಗಡಗಡ ನಡುಗುತ್ತಿದ್ದವು.

“ಹ್ವಾದ ವರ್ಷ ಲಾರಿ ನನ್ನ ಸ್ಕೂಟರಿಗೆ ತಾಗಿತ್ತಲ್ಲ…”

ಲಾರಿಗೇ ಗೀರು ಬಿತ್ತೆಂದು ಆಕೆಯೇ ನಗುತ್ತ ಹೇಳಿದ್ದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

“ಅವತ್ತಿಂದ ಅದರ ಸಪ್ಪಳ ಕೇಳಿದ್ರ ಕೈ ಸೋಲ್ತಾವ. ಅಂಜಿ ಮನ್ಯಾಗ ಕುಂತ್ರ ಕುಂತೇ ಬಿಡ್ತೀನಿ ಅನಿಸ್ತು. ಲಾರಿ ಬರಲಾರದ ಕಡೆ ಅಡ್ಡಾಡಾಕಂತ ಈ ಗಾಡಿ ತಂದೆ.” ಟ್ಯಾಂಕಿಗಂಟಿದ ಕರಿಮಣ್ಣನ್ನು ಉಗುರಿನಿಂದ ಕೆರೆದಳು. “ನೀ ಹೇಳೂದ ಖರೇ ಇರಬೇಕು. ಮಾರಿಬಿಡ್ಲೇನು?”

ಜೀವನದಲ್ಲಿ ಮೊದಲ ಬಾರಿಗೆ ಅತ್ತೆ ನನ್ನ ವಾದ ಒಪ್ಪಿದ್ದಳು.

ನಾನು ಇಳಿದೆ. ರಸ್ತೆಯ ನಡುವೆ ಹೋಗಿ ಎರಡೂ ಕೈ ಎತ್ತಿ ನಿಂತೆ. ದೂರದಿಂದ ಬರುತ್ತಿದ್ದ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಬಂದು, ಬ್ರೇಕು ಕಿರುಚಿಸಿ ಮುಂದೆ ನಿಂತಿತು.

“ಸಾಯಾಕ ನನ್ನ ಗಾಡೀನ ಬೇಕೇನಲೇ?” ಎಂದು ಡ್ರೈವರ್ ಗದರಿದ.

ನಾನು ಕೈ ಇಳಿಸಲಿಲ್ಲ.

“ಬಾ ಅತ್ತಿ,” ಎಂದೆ. “ಸಾವಕಾಶ ಬಾ. ನಾ ನಿಂತೀನಿ.”